ಜ್ಞಾನಸ್ನಾನದ ಪುಸ್ತಕವೂ ಹೆಳವರ ಹೊತ್ತಗೆಯೂ

ನಮ್ಮ ಪೂರ್ವಿಕನು ಮೊಳಕಾಲ್ಮೂರಿನ ಕಡೆಯವನೆಂಬ ಮಾತೊಂದನ್ನೇ ನಂಬಿ ಹೊರಟವರು ಮೊದಲು ತೆರೆಯುವುದು ದೇವಾಲಯದ ಜ್ಞಾನಸ್ನಾನದ ಪುಸ್ತಕವನ್ನು. ಮಗುವಿನ, ಹೆತ್ತವರ, ಜ್ಞಾನ ತಂದೆತಾಯಿಗಳ ಹೆಸರುಗಳನ್ನು ಬರೆದಿಡುವ ಕ್ರಮವನ್ನು 1614ರ ರೋಮನ್ ವಿಧಿಗ್ರಂಥವೇ ಗೊತ್ತುಮಾಡಿತ್ತು. ಲತೀನ್ ಭಾಷೆಯ ಆ ಪುಟಗಳಲ್ಲಿ ಯೊವಾನ್ನೆಸ್ ಆಗಿರುವಾತನೇ ಮನೆಯಲ್ಲಿ ಅರುಳಪ್ಪ; ಪೇತ್ರುಸ್ ಎಂದರೆ ರಾಯಪ್ಪ. ಇದನ್ನರಿಯದೆ ನಾವು ಒಬ್ಬ ಅಜ್ಜನನ್ನು ಇಬ್ಬರೆಂದು ಎಣಿಸಿದ್ದೂ ಉಂಟು.

ಆದರೆ ಆ ಪುಸ್ತಕವೂ ಮೌನ ತಾಳುವ ಕಾಲವೊಂದಿದೆ: 1876–78ರ ಧಾತು ಈಶ್ವರ ಬರ. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಪ್ರಜೆಗಳು 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದರು. ಅನಾಥ ಮಕ್ಕಳನ್ನು ಮಿಷನ್ನಿನ ಗುರುಗಳು ಸಾಕಿ, ನೆಲಮಂಗಲ ತಾಲ್ಲೂಕಿನ ಸಿಲುವೆಪುರದಂತಹ ಊರುಗಳಲ್ಲಿ ನೆಲೆಗೊಳಿಸಿದರು. ತನ್ನೂರಿನ ಹೆಸರನ್ನೇ ಹೇಳಲರಿಯದ ಕಂದನಿಗೆ ತಂದೆಯ ಹೆಸರನ್ನು ಬರೆಯುವವರಾರು?

ಅಲ್ಲಿಂದ ಮುಂದಕ್ಕೆ ನಮಗೆ ಹೆಳವರೇ ದಿಕ್ಕು. ಎತ್ತನ್ನೇರಿ ಊರೂರು ಸುತ್ತುತ್ತಿದ್ದ ಇವರ ಹೊತ್ತಗೆಗಳಲ್ಲಿ ಒಕ್ಕಲು ಮನೆತನಗಳ ಪೀಳಿಗೆ, ಮೂಲಸ್ಥಳ, ವಲಸೆಗಳಿವೆ. ಅವರನ್ನು ಕೇಳುವಾಗ ಜ್ಞಾನಸ್ನಾನದ ಹೆಸರು ಪ್ರಯೋಜನಕ್ಕೆ ಬಾರದು. ಮನೆದೇವರು, ಬೆಡಗು, ಹೆಣ್ಣು ಕೊಟ್ಟು ತಂದ ಊರುಗಳನ್ನು ಹೇಳಬೇಕು. ನೆರೆಯ ರಾಯದುರ್ಗವನ್ನೂ ಮರೆಯಲಾಗದು. ಅದು ಆಗ ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಮೊಳಕಾಲ್ಮೂರು ಮೈಸೂರಿಗೆ. ಅಣ್ಣನು ಇಲ್ಲಿ, ತಮ್ಮನು ಅಲ್ಲಿ ನೆಲೆಸಿದ್ದರೆ, ಅವರ ಹೊಲಗಳ ಕಾಗದಪತ್ರಗಳನ್ನು ಎರಡು ಸರ್ಕಾರಗಳ ದಫ್ತರಗಳಲ್ಲಿ ಹುಡುಕಬೇಕು.