ಮೆಟ್ನರ್ ಬೆರಳು, ಮೈಸೂರಿನ ಹಣ

ಲಂಡನ್, 1947. ರಷ್ಯಾದ ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ ಅವರಿಗೆ ಆಗ ಅರವತ್ತೇಳು ವರ್ಷ, ಹೃದ್ರೋಗ ಬೇರೆ. ಅಂಥ ಸ್ಥಿತಿಯಲ್ಲೂ ತಮ್ಮ ಮೂರು ಕಾನ್ಸರ್ಟೊಗಳನ್ನು ಅವರು ಆ ವರ್ಷ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ನುಡಿಸಿ ಧ್ವನಿಮುದ್ರಿಸಿದರು. ಖರ್ಚು ಭರಿಸಿದವರು ಮೈಸೂರಿನ ಮಹಾರಾಜರು.

ಮೆಟ್ನರ್‌ಗೆ ಮೊದಲ ಪಾಠ ತಾಯಿಯದು. ಹನ್ನೆರಡಕ್ಕೆಲ್ಲ ಮಾಸ್ಕೋ ಕನ್ಸರ್ವೇಟರಿಗೆ ಸೇರಿದರು. ಸಂಗೀತ ರಚನಕಾರ ಸ್ಕ್ರಿಯಾಬಿನ್‌ರನ್ನು ತಿದ್ದಿದ ವಾಸಿಲಿ ಸಫೊನೋವ್ ಅವರ ಗರಡಿಯಲ್ಲೇ ಪಳಗಿ, 1900ರಲ್ಲಿ ಆಂಟನ್ ರೂಬಿನ್‌ಸ್ಟೈನ್ ಬಹುಮಾನ ಪಡೆದು ಹೊರಬಂದರು. ಊರೂರಿನ ವೇದಿಕೆಗಳು ಅವರಿಗಾಗಿ ಕಾದಿದ್ದವು. ಆದರೆ ವಾದಕನ ವೃತ್ತಿಯೇ ತನಗೆ ಬೇಡ, ರಚನೆಯೇ ತನ್ನ ಕೆಲಸ ಎಂದುಬಿಟ್ಟರು. ಮನೆಯವರು ಕಂಗಾಲಾದರು, ಗುರು ತನೆಯೆವ್ ಮಾತ್ರ ಬೆಂಬಲಕ್ಕೆ ನಿಂತರು.

ಆ ನಿರ್ಧಾರಕ್ಕೆ ತೆತ್ತ ಬೆಲೆ ದೊಡ್ಡದು. 1921ರಲ್ಲಿ ರಷ್ಯಾ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಕಛೇರಿಗಳೇ ಗತಿಯಾದವು. ಗೆಳೆಯ ರಾಖ್ಮಾನಿನೊವ್ ನೆರವಿನಿಂದ ಅಮೆರಿಕ ಪ್ರವಾಸವೂ ಆಯಿತು. ಅದೇ ರಾಖ್ಮಾನಿನೊವ್ ವರ್ಷವಿಡೀ ಊರಿಂದೂರಿಗೆ ತಿರುಗುತ್ತ, ಜನ ಬಯಸಿದ್ದನ್ನು ನುಡಿಸುತ್ತ ಹೆಸರು ಮಾಡಿದರು. ಮೆಟ್ನರ್‌ಗೆ ಆ ಬಾಳು ಒಗ್ಗಲಿಲ್ಲ. 1930ರ ದಶಕದ ನಡುವೆ ಲಂಡನ್ ಸೇರಿದ ಅವರು ಪಾಠ ಹೇಳಿಕೊಂಡು ದಿನ ದೂಡುತ್ತಿದ್ದರು.

ಇತ್ತ ಮೈಸೂರಿನಲ್ಲಿ ಅದೇ ವೃತ್ತಿಯ ಕನಸು ಕಂಡಿದ್ದ ಯುವಕನೊಬ್ಬನಿದ್ದ. ಜಯಚಾಮರಾಜ ಒಡೆಯರ್ ಪಿಯಾನೊ ವಾದಕರಾಗಲು ಬಯಸಿದ್ದರು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಮತ್ತು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡಾಗ, ಇಪ್ಪತ್ತೊಂದರ ಹರೆಯದಲ್ಲೇ ಪಟ್ಟವೇರಬೇಕಾಯಿತು. ಆದರೂ ಪಿಯಾನೊ ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. 1945ರಲ್ಲಿ ಟ್ರಿನಿಟಿ ಕಾಲೇಜು ಗೌರವ ಫೆಲೊ ಪದವಿ ನೀಡಿತು. ಎಚ್‌ಎಂವಿಯ ನಿರ್ಮಾಪಕ ವಾಲ್ಟರ್ ಲೆಗ್ ಅರಮನೆಗೆ ಬಂದಾಗ ಅಲ್ಲಿದ್ದ ಗ್ರಾಮಫೋನ್ ರೆಕಾರ್ಡುಗಳ ಭಂಡಾರ, ಗ್ರ್ಯಾಂಡ್ ಪಿಯಾನೊಗಳನ್ನು ಕಂಡು ಬೆರಗಾದರು.

ಎಷ್ಟೋ ಅರಸರು ಹಣ ಕೊಟ್ಟು ಸಂಗೀತ ಪೋಷಿಸಿದ್ದಾರೆ. ಒಡೆಯರ್ ಪೋಷಿಸಿದ್ದು ತಾವು ಕೈಯಾರೆ ಬಲ್ಲ ವಿದ್ಯೆಯನ್ನು. ಅದಕ್ಕೇ ಇರಬೇಕು, ಜಗತ್ತು ಜಯಘೋಷ ಮಾಡುತ್ತಿದ್ದವರ ಬದಲು ಮರೆಯುತ್ತಿದ್ದವರನ್ನು ಆರಿಸಿದರು. ಅವರ ನೆರವಿನಿಂದ ಮೆಟ್ನರ್ ಸೊಸೈಟಿ ಹುಟ್ಟಿತು, ರೆಕಾರ್ಡುಗಳು ಸಂಪುಟಗಳಾಗಿ ಹೊರಬಂದವು. ಮೂರನೆಯ ಕಾನ್ಸರ್ಟೊವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದರು. 1950ರಲ್ಲಿ ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕೋಫ್ ಮೆಟ್ನರ್ ರಚಿಸಿದ ಹಾಡುಗಳನ್ನು ಹಾಡಿ ಮುದ್ರಿಸಿದಾಗಲೂ ಪಿಯಾನೊ ಮುಂದೆ ಕುಳಿತಿದ್ದವರು ಸ್ವತಃ ಮೆಟ್ನರ್. ಮರುವರ್ಷ ನವೆಂಬರಿನಲ್ಲಿ ತೀರಿಕೊಂಡರು. ಒಡೆಯರ್ ಅಷ್ಟರಲ್ಲಿ ಕರ್ನಾಟಕ ಸಂಗೀತದತ್ತ ಹೊರಳಿದ್ದರು. ಶ್ರೀವಿದ್ಯಾ ಅಂಕಿತದಲ್ಲಿ ಅವರು ರಚಿಸಿದ 94 ಕೃತಿಗಳು ಇಲ್ಲಿನ ಕಛೇರಿಗಳಿಗೆ ಪರಿಚಿತ. ಅವರು ಉಳಿಸಿಕೊಟ್ಟ ಮೆಟ್ನರ್ ವಾದನಕ್ಕೆ ಕನ್ನಡ ನಾಡಿನಲ್ಲಿ ಇನ್ನೂ ಹೆಚ್ಚು ಕೇಳುಗರು ಸಿಗಬೇಕು.