ಮೈಸೂರಿನ ಜಾವಾ, ಊರೂರಿನ ಉಸ್ತಾದರು

ಹಿರಿಯರು ಮಕ್ಕಳಿಗೆ ಹೊಲ, ಮನೆ, ಒಡವೆ ಬಿಟ್ಟುಹೋಗುವುದು ಎಲ್ಲ ಕಡೆಯ ರೂಢಿ. ಹಳೆಯ ಮೈಸೂರು ಸೀಮೆಯ ಕೆಲವು ಮನೆಗಳಲ್ಲಿ ಇವುಗಳ ಜೊತೆಗೆ ಒಂದು ಮೋಟಾರ್ ಸೈಕಲ್ಲೂ ಆಸ್ತಿಯಾಗಿ ಇಳಿದು ಬಂದಿದೆ. ಅಜ್ಜ ಕೊಂಡದ್ದು, ಅಪ್ಪ ಓಡಿಸಿದ್ದು, ಈಗ ಮೊಮ್ಮಗ ಒರೆಸಿ ಇಡುತ್ತಿರುವುದು. ಅದು ಬಹುಪಾಲು ಜಾವಾ, ಇಲ್ಲವೇ ಯೆಜ್ಡಿ. ಒಂದು ಯಂತ್ರದ ಮೇಲಿನ ಪ್ರೀತಿ ಮೂರು ತಲೆಮಾರು ದಾಟಿದ್ದು ಹೇಗೆ ಎಂಬುದು ಕೇಳತಕ್ಕ ಪ್ರಶ್ನೆ.

ಜಾವಾ ಹುಟ್ಟಿದ್ದು 1929ರಲ್ಲಿ, ಇಂದಿನ ಚೆಕ್ ದೇಶದ ಪ್ರಾಗ್ ನಗರದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದ. ಎರಡೂ ಹೆಸರುಗಳ ಮೊದಲಕ್ಷರಗಳು ಸೇರಿ 'ಜಾವಾ' ಆಯಿತು. ಅದನ್ನು ಮೈಸೂರಿಗೆ ತಂದವರು ಇರಾನಿ ಕುಟುಂಬದವರು. ಫರೋಕ್ ಇರಾನಿಯವರ ಮುಂದಾಳುತನದಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ತಲೆಯೆತ್ತಿತು. ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1961ರಿಂದ ಅಲ್ಲಿ ಗಾಡಿಗಳು ತಯಾರಾದವು. 1973ರ ಹೊತ್ತಿಗೆ ಹೆಸರು ಬದಲಾಗಿ 'ಯೆಜ್ಡಿ' ಎಂದಾಯಿತು. ಇದು ಇರಾನಿನ ಯಜ್ದ್ ಪಟ್ಟಣವನ್ನು ನೆನಪಿಸುವ ಹೆಸರು. ಚೆಕ್ ವಿನ್ಯಾಸ, ಪಾರಸಿ ಬಂಡವಾಳ, ಒಡೆಯರ ಬೆಂಬಲ, ಮೈಸೂರಿನ ಕಾರ್ಮಿಕರ ಕೈ: ಇಷ್ಟೂ ಕೂಡಿದ ಮೇಲೆ ಇದು ಯಾರ ಗಾಡಿ? ನಮ್ಮ ನಾಡಿನ ಅನೇಕ ಒಳ್ಳೆಯ ಸಂಗತಿಗಳಂತೆ ಇದಕ್ಕೂ ಒಬ್ಬನೇ ವಾರಸುದಾರನಿಲ್ಲ.

ಆದರೆ ಕಾರ್ಖಾನೆ ಗಾಡಿಯನ್ನು ಮಾಡಬಲ್ಲದು, ಬದುಕಿಸಲಾರದು. ಬದುಕಿಸಿದ್ದು ಊರೂರಿನ ಗ್ಯಾರೇಜುಗಳು. ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರಕ್ಕೆ ಹೋಗುವ ದಾರಿಯಲ್ಲಿರುವ ಗೌರಿಬಿದನೂರಿನಂಥ ತಾಲೂಕು ಕೇಂದ್ರಗಳನ್ನೇ ನೋಡಿ. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಬೆರೆತ ಊರುಗಳಿವು. ಇಂಥ ಊರುಗಳ ಗ್ಯಾರೇಜಿನಲ್ಲಿ ಮುಖ್ಯ ಮೆಕ್ಯಾನಿಕ್‌ನನ್ನು 'ಉಸ್ತಾದ್' ಎನ್ನುತ್ತಾರೆ. ಸಂಗೀತಗಾರನಿಗೂ ಕುಸ್ತಿಯ ಗುರುವಿಗೂ ಸಲ್ಲುವ ಗೌರವದ ಮಾತು ಅದು. ಕೆಲಸ ಕಲಿಯಲು ಬಂದ ಹುಡುಗ ಮೊದಲು ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾನೆ, ಕೇಳಿದ ಸ್ಪ್ಯಾನರ್ ಎತ್ತಿಕೊಡುತ್ತಾನೆ. ಆಮೇಲೆ ಪ್ಲಗ್ ಉಜ್ಜುವುದು, ಪಾಯಿಂಟ್ ಹೊಂದಿಸುವುದು. ಎಂಜಿನ್ ಬಿಚ್ಚುವ ಅಧಿಕಾರ ಸಿಗುವುದು ವರ್ಷಗಳು ಕಳೆದ ಮೇಲೆ. 2006ರ ಸಾಚಾರ್ ಸಮಿತಿಯ ವರದಿ ಮುಸ್ಲಿಮರು ಹೆಚ್ಚಾಗಿ ತೊಡಗಿರುವ ಕಸುಬುಗಳಲ್ಲಿ ವಾಹನ ದುರಸ್ತಿಯನ್ನೂ ಗುರುತಿಸಿತು. ಸರಕಾರಿ ನೌಕರಿಯ ಬಾಗಿಲು ಅಷ್ಟಾಗಿ ತೆರೆಯದ ಮನೆಗಳಿಗೆ ಈ ವಿದ್ಯೆ ಅನ್ನವಾಯಿತು.

ಜಾವಾ ಇಂಥ ಶಾಲೆಗೆ ತಕ್ಕ ಪಠ್ಯವಾಗಿತ್ತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರೂ ಗೇರೂ ಒಂದೇ ಲಿವರ್. ಟು ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಬೆರಕೆ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೈಲೆನ್ಸರಿನಲ್ಲಿ ಕಟ್ಟಿದ ಮಸಿಯನ್ನು ಆಗಾಗ ತೆಗೆಯಬೇಕು. ಮಾಲೀಕನೂ ಅರ್ಧ ಮೆಕ್ಯಾನಿಕ್ ಆಗದೆ ವಿಧಿಯಿರಲಿಲ್ಲ. ಭಾನುವಾರ ಅಪ್ಪ ಗಾಡಿ ಬಿಚ್ಚಿದಾಗ ಮಗ ಪಕ್ಕದಲ್ಲಿ ಕುಳಿತು ಕಲಿತ. ಪ್ರೀತಿ ದಾಟಿದ್ದು ಹೀಗೆ, ಎಣ್ಣೆ ಹತ್ತಿದ ಕೈಗಳ ಮೂಲಕ.

1984-85ರಲ್ಲಿ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಬಂದವು. ಹಗುರ, ಕಡಿಮೆ ಪೆಟ್ರೋಲು, ಕಡಿಮೆ ತಾಪತ್ರಯ. ಹೊಗೆ ನಿಯಂತ್ರಣದ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಅದನ್ನೇ ನಂಬಿದ್ದ ಕುಟುಂಬಗಳ ಸಂಕಟ ಹಳೆಯ ಗಾಡಿಗಳ ಹೊಳಪಿನ ನಡುವೆ ಮರೆಯಾಗಬಾರದು. ಆದರೂ ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನದಂದು ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಗಾಡಿಗಳ ಮೇಳ ನೆರೆಯುತ್ತದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಫೋರ್ ಸ್ಟ್ರೋಕ್ ಎಂಜಿನ್ನಿನೊಂದಿಗೆ ಮತ್ತೆ ಮಾರುಕಟ್ಟೆಗೆ ಬಂದವು. ಹೆಸರು ಮರಳಿತು, ಮೈಸೂರಿನ ಕಾರ್ಖಾನೆ ಮರಳಲಿಲ್ಲ.

ಇಂದಿನ ಮಕ್ಕಳಿಗೆ ನಾವು ದಾಟಿಸುತ್ತಿರುವುದೇನು? ಯಂತ್ರದ ಪರಿಚಯವಿಲ್ಲದೆ ಬರಿಯ ಕೀಲಿಕೈ ಅವರ ಕೈಗೆ ಬೀಳುತ್ತಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಗೇರಿನ ಗಾಡಿ ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ವಿಧಿಸಬಹುದು. ಹೀಗಿದ್ದೂ ಹದಿನೈದರ ಹುಡುಗ ವೀಲಿಂಗ್ ಮಾಡಿದರೆ ಹೆಮ್ಮೆಪಡುವ ಹಿರಿಯರಿದ್ದಾರೆ.

ಗ್ಯಾರೇಜಿನ ಉಸ್ತಾದ ಹುಡುಗನನ್ನು ಮೊದಲ ದಿನವೇ ಗಾಡಿಯ ಮೇಲೆ ಕೂರಿಸುತ್ತಿರಲಿಲ್ಲ. ಮೊದಲು ತೊಳೆಯಲು, ಬಿಚ್ಚಲು, ಜೋಡಿಸಲು ಕಲಿಸಿದ. ಬ್ರೇಕಿನ ತಂತಿ ಸವೆದದ್ದನ್ನು ಕಣ್ಣಾರೆ ಕಂಡವನಿಗೆ ವೇಗದ ಬೆಲೆ ತಾನಾಗಿ ತಿಳಿಯುತ್ತದೆ. ಮಕ್ಕಳಿಗೆ ಮೋಟಾರ್ ಸೈಕಲ್ ಪ್ರೀತಿಯನ್ನು ಕೊಡಬೇಕೆನ್ನುವ ತಂದೆ ತಾಯಂದಿರು ಮೊದಲು ಸ್ಪ್ಯಾನರ್ ಕೊಡಲಿ, ಆಮೇಲೆ ಹೆಲ್ಮೆಟ್ಟು, ಕೊನೆಗೆ ಕೀಲಿಕೈ.