ಉಳ್ಳಾಲದ ರಾಣಿ ಕೇಳಿದ ಪ್ರಶ್ನೆ

ಶಾಲೆಯಲ್ಲಿ ಚರಿತ್ರೆ ಓದಿದವರಿಗೆಲ್ಲ, ವಿದೇಶೀ ಪ್ರವಾಸಿಗರು ಕಂಡ ಕರ್ನಾಟಕ ಎಂಬ ಪಾಠ ನೆನಪಿರಬೇಕು. ಅಬ್ದುರ್ ರಜಾಕ್ ಏನು ಕಂಡ, ನಿಕಿಟಿನ್ ಏನು ಬರೆದ ಎಂಬುದನ್ನೆಲ್ಲ ಉರು ಹೊಡೆದು ಪರೀಕ್ಷೆಯಲ್ಲಿ ಒಪ್ಪಿಸಿದವರಲ್ಲಿ ನಾನೂ ಒಬ್ಬ. ಈ ಮಹನೀಯರು ಮನೆಯಲ್ಲಿ ಬೆಚ್ಚಗಿರುವುದನ್ನು ಬಿಟ್ಟು ಇಷ್ಟು ದೂರ ಬಂದುದಾದರೂ ಏತಕ್ಕೆ ಎಂಬ ಪ್ರಶ್ನೆ ಮಾತ್ರ ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಬಂದಿದ್ದರೆ ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಬರೆದು ಪಾರಾಗುತ್ತಿದ್ದೆವು. ಸುತ್ತುವವನ ಮನಸ್ಸಿನಲ್ಲಿ ಏನಿರುತ್ತದೆಂದು ಹೇಳುವ ಗೋಜಿಗೆ ಗಾದೆ ಹೋಗುವುದಿಲ್ಲ.

ಕೆಲವರ ವಿಷಯದಲ್ಲಿ ಉತ್ತರ ಸುಲಭ. 1443ರಲ್ಲಿ ವಿಜಯನಗರವನ್ನು ಕಂಡ ಅಬ್ದುರ್ ರಜಾಕ್ ತಾನಾಗಿ ಹೊರಟವನೇ ಅಲ್ಲ. ಹೆರಾತಿನ ದೊರೆ ಷಾರೂಖನ ಅಪ್ಪಣೆಯಾಯಿತು, ಹೊರಟ. ಹಾರ್ಮುಜಿನಲ್ಲಿ ಹಡಗಿನ ವಾಸನೆಗೇ ಅವನಿಗೆ ಮೂರ್ಛೆ ಬಂತು. ಸರ್ಕಾರಿ ಕೆಲಸದ ಮೇಲೆ ಹೊರಡುವವರ ಪಾಡು ಅಂದಿಗೂ ಇಂದಿಗೂ ಒಂದೇ! ಅದೇ ಶತಮಾನದಲ್ಲಿ ಬೀದರಿಗೆ ಬಂದ ರಷ್ಯದ ವರ್ತಕ ನಿಕಿಟಿನ್ ವೋಲ್ಗಾ ನದಿಯ ಮೇಲೆ ದರೋಡೆಗೆ ಸಿಕ್ಕಿ ಎಲ್ಲವನ್ನೂ ಕಳೆದುಕೊಂಡವನು. ಒಂದು ಕುದುರೆಯನ್ನು ಹಿಂದೂಸ್ತಾನದಲ್ಲಿ ಮಾರಿ ಲಾಭ ಮಾಡಿಕೊಳ್ಳುವ ಆಸೆಯಿಂದ ಬಂದ. ಇನ್ನು ನಮ್ಮ ಹೊನ್ನಾವರವನ್ನು ಬಣ್ಣಿಸಿದ ಇಬ್ನ್ ಬತೂತ 1325ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಮೆಕ್ಕಾ ಯಾತ್ರೆಗೆಂದು ಟ್ಯಾಂಜಿಯರಿನ ಮನೆ ಬಿಟ್ಟವನು. ಯಾತ್ರೆ ಮುಗಿದ ಮೇಲೂ ಕಾಲು ನಿಲ್ಲಲಿಲ್ಲ. ಸಾಧ್ಯವಾದಷ್ಟೂ ನಡೆದ ದಾರಿಯಲ್ಲಿ ಮತ್ತೆ ನಡೆಯಬಾರದೆಂದು ಅವನು ಮಾಡಿಕೊಂಡಿದ್ದ ನಿಯಮವನ್ನು ಓದಿದಾಗ, ಭಕ್ತಿ ಎಲ್ಲಿ ಮುಗಿದು ಚಪಲ ಎಲ್ಲಿ ಆರಂಭವಾಯಿತೆಂದು ಹೇಳುವುದು ಕಷ್ಟವೆನಿಸುತ್ತದೆ.

ನನ್ನನ್ನು ಬಹುಕಾಲದಿಂದ ಕಾಡುತ್ತಿರುವವನು ಇವರಾರೂ ಅಲ್ಲ. ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮಿನ ಶ್ರೀಮಂತ. 1586ರಲ್ಲಿ ಹುಟ್ಟಿದ ಈತನಿಗೆ ವ್ಯಾಪಾರ ಬೇಕಿರಲಿಲ್ಲ, ದೊರೆಯ ಅಪ್ಪಣೆಯೂ ಇರಲಿಲ್ಲ. ಇದ್ದುದು ಒಂದು ಪ್ರೇಮ. ವರ್ಷಗಟ್ಟಲೆ ಬಯಸಿದ ಹುಡುಗಿ ಬೇರೊಬ್ಬನ ಕೈಹಿಡಿದಳು. ಪ್ರಾಣ ಬಿಡುವ ಯೋಚನೆಯವರೆಗೂ ಹೋದ ಅವನನ್ನು ಪುಣ್ಯಭೂಮಿಗೆ ಯಾತ್ರೆ ಹೋಗಿ ಬಾ ಎಂದು ಹುರಿದುಂಬಿಸಿದವನು ನೇಪಲ್ಸಿನ ಗೆಳೆಯ ಸ್ಕಿಪಾನೊ. 1614ರ ಜೂನಿನಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದ. ದಾರಿಯುದ್ದಕ್ಕೂ ಅವನು ದೀರ್ಘ ಪತ್ರಗಳನ್ನು ಬರೆದದ್ದು ಈ ಸ್ಕಿಪಾನೊನಿಗೇ.

ಜೆರೂಸಲೇಮಿನ ದರ್ಶನವಾದ ಮೇಲೆ ಹಿಂದಿರುಗಬಹುದಾಗಿತ್ತು, ಹಿಂದಿರುಗಲಿಲ್ಲ. ಬಾಗ್ದಾದಿನ ಮಾನಿ ಎಂಬ ಕ್ರೈಸ್ತ ತರುಣಿಯ ವಿಷಯವನ್ನು ದಾರಿಯಲ್ಲಿ ಯಾರೋ ಹೊಗಳಿದ್ದನ್ನು ಕೇಳಿಯೇ ಮನಸೋತು, ಹುಡುಕಿಕೊಂಡು ಹೋಗಿ, 1616ರಲ್ಲಿ ಅವಳನ್ನು ಮದುವೆಯಾದ. ಇಬ್ಬರೂ ಪರ್ಷಿಯದಲ್ಲಿ ಐದು ವರ್ಷ ಸಂಚರಿಸಿದರು. 1621ರ ಕೊನೆಯಲ್ಲಿ ಹಾರ್ಮುಜಿನ ಸಮೀಪದ ಮಿನಾಬಿನಲ್ಲಿ ಮಾನಿ ಜ್ವರದಿಂದ ತೀರಿಕೊಂಡಳು. ಅವಳನ್ನು ಪರದೇಶದ ಮಣ್ಣಿನಲ್ಲಿ ಬಿಟ್ಟು ಹೋಗಲು ಅವನಿಗೆ ಮನಸ್ಸು ಬರಲಿಲ್ಲ. ದೇಹ ಕೆಡದಂತೆ ಕರ್ಪೂರ ಹಾಕಿಸಿ ಪೆಟ್ಟಿಗೆಯಲ್ಲಿರಿಸಿದ. ಹೆಣವಿದೆಯೆಂದು ತಿಳಿದರೆ ನಾವಿಕರು ಹಡಗು ಹತ್ತಿಸುವುದಿಲ್ಲವೆಂದು ಅದನ್ನು ಬಟ್ಟೆಬರೆಗಳ ನಡುವೆ ಬಚ್ಚಿಟ್ಟುಕೊಂಡು 1623ರಲ್ಲಿ ಸೂರತ್ತಿಗೆ ಬಂದಿಳಿದ.

ಇಂಥ ಮನುಷ್ಯ ಕಣ್ಣು ಮುಚ್ಚಿಕೊಂಡು ಊರ ಕಡೆ ಓಡಬೇಕಾಗಿತ್ತು ಎಂದು ನಮಗೆ ತೋರುತ್ತದೆ. ಅವನು ಮಾಡಿದ್ದೇನು? ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಪೋರ್ಚುಗೀಸರ ರಾಯಭಾರವೊಂದು ಹೊರಡುತ್ತದೆಂದು ಗೋವೆಯಲ್ಲಿ ತಿಳಿದೊಡನೆ, ತಾನೂ ಬರುತ್ತೇನೆಂದು ಹೊರಟುಬಿಟ್ಟ. ಹೊನ್ನಾವರ, ಗೇರುಸೊಪ್ಪೆ, ಘಟ್ಟದ ಕಾಡು, ಒಂದನ್ನೂ ಬಿಡದೆ ನೋಡಿದ. ದಾರಿಯ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಗುರು ಹತ್ತಿರವಿಲ್ಲದಾಗ ತಪ್ಪಿದರೆ ತಿದ್ದುವವರು ಯಾರು ಎಂದು ಕೇಳಿದ. ನಾಲ್ವರೂ ಒಂದೇ ಕಡೆ ಮರೆಯುವುದುಂಟೇ ಎಂದರು ಹುಡುಗರು. ಆ ಉತ್ತರ ಅವನಿಗೆ ಬಹಳ ಮೆಚ್ಚುಗೆಯಾಯಿತು. ದುಃಖ ಕಣ್ಣನ್ನು ಕುರುಡು ಮಾಡುತ್ತದೆಂದು ಹೇಳುವವರು ಈ ಪುಟವನ್ನು ಓದಬೇಕು.

ಇಕ್ಕೇರಿಯಲ್ಲಿ ಇನ್ನೊಂದು ಸಂದರ್ಶನವಾಯಿತು. ಗಂಡನನ್ನು ಕಳೆದುಕೊಂಡು ಸಹಗಮನಕ್ಕೆ ನಿಶ್ಚಯಿಸಿದ್ದ ತೆಲುಗು ಹೆಂಗಸು. ಅವನು ಬರೆದಿರುವ ರೀತಿಯನ್ನು ನೋಡಿದರೆ ಜಕ್ಕಮ್ಮನೆಂದು ಹೆಸರಿರಬೇಕು. ಮಕ್ಕಳನ್ನಾದರೂ ನೆನೆದು ಈ ಸಂಕಲ್ಪ ಬಿಡೆಂದು ಅವನು ಹೇಳಿದ, ಅವಳು ಒಪ್ಪಲಿಲ್ಲ. ಯಾರ ಬಲವಂತವೂ ಇಲ್ಲ, ತಾನಾಗಿ ಹೋಗುತ್ತಿದ್ದೇನೆಂದಳು. ಬಲವಂತವೆನ್ನುವುದು ಬಾಯಲ್ಲಿ ಹೇಳುವಂಥದು ಮಾತ್ರವೇ ಎಂದು ನಾವು ಇಂದು ಕೇಳಬಹುದು, ಕೇಳಬೇಕು ಕೂಡ. ಹೆಂಡತಿಯ ದೇಹವನ್ನು ಮಣ್ಣಿಗೂ ಕೊಡಲಾರದೆ ದೇಶದೇಶ ಹೊತ್ತುಕೊಂಡು ತಿರುಗುತ್ತಿದ್ದವನು, ಗಂಡನೊಡನೆ ಬೂದಿಯಾಗ ಹೊರಟವಳ ಎದುರು ನಿಂತು ಬದುಕುವ ಬುದ್ಧಿ ಹೇಳಿದನೆಂಬುದನ್ನು ನೆನೆದರೆ ನನಗೆ ಮಾತು ಹೊರಡುವುದಿಲ್ಲ.

ಘಟ್ಟವಿಳಿದು ಮಂಗಳೂರಿಗೆ ಬಂದವನು ಅದೇ ವರ್ಷದ ಡಿಸೆಂಬರಿನಲ್ಲಿ ಉಳ್ಳಾಲದ ಚೌಟ ರಾಣಿಯನ್ನು ಕಂಡ. ದರ್ಬಾರಿನಲ್ಲಲ್ಲ, ದಾರಿಯಲ್ಲಿ. ಮಣ್ಣಿನ ಕೆಲಸದ ಮೇಲ್ವಿಚಾರಣೆಗೆಂದು ಆಕೆ ಬರಿಗಾಲಿನಲ್ಲಿ ಹೊರಟಿದ್ದಳು. ಸೊಂಟಕ್ಕೊಂದು ಬಟ್ಟೆ, ತಲೆಯ ಮೇಲೆ ತಾಳೆಗರಿಯ ಕೊಡೆ. ರಾಣಿಗಿಂತ ಅಡಿಗೆಮನೆಯ ಆಳಿನಂತೆ ಕಂಡಳೆಂದು ಈ ರೋಮಿನ ಸಾಹುಕಾರ ಸಂಕೋಚವಿಲ್ಲದೆ ಬರೆದಿದ್ದಾನೆ. ಬಾಯಿ ತೆರೆದ ಮೇಲೆ ಮಾತ್ರ ಆಕೆಯ ಯೋಗ್ಯತೆ ತಿಳಿಯಿತಂತೆ.

ದುಭಾಷಿಯ ಮೂಲಕ ಊರುಕೇರಿ ವಿಚಾರಿಸಿದ ಮೇಲೆ ರಾಣಿ ಕೇಳಿದಳು: ಇಷ್ಟು ಕಷ್ಟಪಟ್ಟುಕೊಂಡು ದೇಶ ಬಿಟ್ಟು ಅಲೆಯುವುದಕ್ಕೆ ಕಾರಣವೇನು? ಏನೋ ಮನಸ್ಸಿಗೆ ಬೇಸರವಾಗಿರಬೇಕು, ಇಲ್ಲವೆ ಪ್ರೀತಿಪಾತ್ರರು ಯಾರೋ ತೀರಿಕೊಂಡಿರಬೇಕು ಎಂದು ಊಹೆಯನ್ನೂ ಹೇಳಿದಳು. ಒಂಬತ್ತು ವರ್ಷ, ಎಷ್ಟೋ ರಾಜ್ಯಗಳು, ಷಾ ಅಬ್ಬಾಸನಂಥ ದೊರೆ, ಇಷ್ಟನ್ನೆಲ್ಲ ಕಂಡು ಬಂದವನ ಒಳಗುಟ್ಟನ್ನು ಗದ್ದೆಯ ದಾರಿಯಲ್ಲಿ ನಿಂತ ಹೆಂಗಸು ಒಂದೇ ಏಟಿಗೆ ಹಿಡಿದಳಲ್ಲ!

ಅವನು ಪೂರ್ತಿ ಒಪ್ಪಿಕೊಳ್ಳಲಿಲ್ಲ. ನಾನಾ ದೇಶಗಳನ್ನೂ ಆಚಾರಗಳನ್ನೂ ನೋಡಿ ಕಲಿಯುವ ಆಸೆಯಿಂದ ಬಂದೆ, ನಮ್ಮ ಕಡೆ ಅಂಥವರಿಗೆ ಗೌರವವಿದೆ ಎಂದ. ಹೆಂಡತಿ ತೀರಿಕೊಂಡ ಮೇಲೆ ಉಡುಪಿನಲ್ಲಿ ಅಲ್ಲದಿದ್ದರೂ ಮನಸ್ಸಿನಲ್ಲಿ ಶೋಕವಿದೆಯೆಂದು ಮಾತ್ರ ಸೇರಿಸಿದ. ಮೊದಲ ಪೆಟ್ಟನ್ನು, ಆ ರೋಮಿನ ಹುಡುಗಿಯ ವಿಷಯವನ್ನು, ರಾಣಿಯಿಂದ ಮುಚ್ಚಿಟ್ಟೆನೆಂದು ಗೆಳೆಯನ ಪತ್ರದಲ್ಲಿ ತಾನೇ ಬರೆದಿದ್ದಾನೆ. ಹಾಗೆಂದು ಅವನು ರಾಣಿಗೆ ಸುಳ್ಳು ಹೇಳಿದನೆಂದು ನಾನು ಭಾವಿಸುವುದಿಲ್ಲ. ಮನೆಯಿಂದ ಹೊರಗೆ ನೂಕಿದ ಕಾರಣ ಬೇರೆ, ಮುಂದೆ ನಡೆಸಿಕೊಂಡು ಹೋದ ಕಾರಣ ಬೇರೆ. ರೋಮಿನಲ್ಲಿ ಅವನನ್ನು ನೂಕಿದ್ದು ಅಳು. ಗುಡಿಯ ಜಗಲಿಯ ಮುಂದೆ ಅವನನ್ನು ನಿಲ್ಲಿಸಿದ್ದು ಹುಡುಗರ ಲೆಕ್ಕ. ವ್ಯಾಪಾರಿಗೆ ಬೆಲೆ ತಿಳಿದರೆ ಸಾಕು, ರಾಯಭಾರಿಗೆ ಮರ್ಯಾದೆ ಸಿಕ್ಕಿದರೆ ಸಾಕು. ಎರಡೂ ಬೇಡವಾದವನ ಕಣ್ಣಿಗೆ ಮರಳಿನ ಮೇಲಿನ ಅಂಕಿ ಬಿತ್ತು. ಆ ಕಾಲದ ನಮ್ಮ ಹುಡುಗರು ಹೇಗೆ ಓದುತ್ತಿದ್ದರೆಂದು ಇಂದು ನಮಗೆ ತಿಳಿಯುವುದು ಇಂಥವನೊಬ್ಬ ಹಾದುಹೋದುದರಿಂದ.

ಮುಂದೆ ಎಲ್ಲಿಗೆ ಎಂದೂ ರಾಣಿ ಕೇಳಿದಳು. ದೇವರು ಆಯುಸ್ಸು ಕೊಟ್ಟರೆ ಊರಿಗೆ ಎಂದ. ದೇವರು ಕೊಟ್ಟ. 1626ರಲ್ಲಿ ರೋಮನ್ನು ಸೇರಿ, ಮರುವರ್ಷ ಅರಾಚೇಲಿಯ ಇಗರ್ಜಿಯಲ್ಲಿ, ತನ್ನ ಮನೆತನದವರ ಸಮಾಧಿಯಲ್ಲಿ, ಮಾನಿಯನ್ನು ಮಣ್ಣು ಮಾಡಿದ. ಶವಸಂಸ್ಕಾರದ ಭಾಷಣವನ್ನು ತಾನೇ ಮಾಡಿದ. ಆಮೇಲೆ ಇಪ್ಪತ್ತೈದು ವರ್ಷ ಬದುಕಿದ್ದ. ಪೂರ್ವದೇಶಗಳ ಕಡೆಗೆ ಮತ್ತೆ ಹೊರಡಲಿಲ್ಲ.